ಮೈ ತುಂಬಿದ ಮರಿಯೇ ಮೊದಲು ಸಾಯುವುದೇಕೆ?

ಚಿತ್ರದುರ್ಗದ ಸೀಮೆಯಲ್ಲಿ ಮುಂಗಾರಿನ ಎರಡು ಮೂರು ಹದ ಮಳೆ ಬಿದ್ದರೆ ಸಾಕು. ಅಲ್ಲಿಯವರೆಗೆ ಬೂದಿ ಬಣ್ಣಕ್ಕೆ ತಿರುಗಿದ್ದ ಗುಡ್ಡಗಳ ಬುಡ, ಗೋಮಾಳ, ಹೊಲದ ಬದುಗಳೆಲ್ಲ ಹದಿನೈದು ದಿನಗಳಲ್ಲಿ ಎಳೆ ಹಸಿರಾಗುತ್ತವೆ. ಬೇಸಿಗೆಯುದ್ದಕ್ಕೂ ಒಣಗಿದ ಕಡ್ಡಿ, ಜಾಲಿಕಾಯಿ ತಿಂದು ಸವೆದಿದ್ದ ಕುರಿಗಳು ಆ ಹಸಿರಿನ ಮೇಲೆ ಮುಗಿಬೀಳುತ್ತವೆ. ನೋಡುವವರಿಗೆ ಇದು ಕುರಿಗಾರರ ಸುಗ್ಗಿಯ ಕಾಲವೆಂದೇ ಅನ್ನಿಸುತ್ತದೆ. ಆದರೆ ಅವರು ಹೆಚ್ಚು ಹೆದರುವುದು ಇದೇ ದಿನಗಳಿಗೆ.

ಕೆಲವು ವರ್ಷಗಳ ಹಿಂದೆ ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವಾಗ ನಾನಿದ್ದ ಬಸ್ಸು ಕೆಟ್ಟು ನಿಂತಿತು. ರಸ್ತೆಯ ಪಕ್ಕದಲ್ಲಿ ಮಂದೆ ಮೇಯಿಸುತ್ತಿದ್ದ ಹಿರಿಯರೊಬ್ಬರೊಂದಿಗೆ ಮಾತಿಗಿಳಿದೆ. ಆ ವಾರದಲ್ಲಿ ಅವರ ನಾಲ್ಕು ಮರಿಗಳು ಸತ್ತಿದ್ದವು. "ಬಡಕಲು ಕುರಿ ಸಾಯಲ್ಲ ಮೇಷ್ಟ್ರೇ, ಮೈ ತುಂಬಿದ್ದೇ ಹೋಗ್ತಾವೆ. ಸಂಜೆ ಚೆನ್ನಾಗಿ ಮೇದು ಬಂದಿರ್ತದೆ, ಬೆಳಿಗ್ಗೆ ನೋಡಿದ್ರೆ ಕಾಲು ಚಾಚಿರ್ತದೆ" ಎಂದರು. ಊರಿನ ಕೆಲವರು ದೃಷ್ಟಿ ತಾಗಿತು ಎಂದಿದ್ದರಂತೆ. ಚೆನ್ನಾಗಿ ಬೆಳೆದ ಮರಿಯೇ ಸಾಯುವಾಗ ಹಾಗೆ ಅನ್ನಿಸುವುದು ಸಹಜ. ಮರಿ ಮಾರಿ ಬರುವ ಹಣದಲ್ಲೇ ವರ್ಷದ ಸಾಲ ತೀರಬೇಕಾದ ಮನೆಗೆ ನಾಲ್ಕು ಮರಿ ಎಂದರೆ ಸಣ್ಣ ನಷ್ಟವೇನಲ್ಲ.

ನಾನು ಪಶುವೈದ್ಯನಲ್ಲ, ಭೌತವಿಜ್ಞಾನ ಕಲಿಸುವವನು. ಆದರೆ ಆ ಹಿರಿಯರ ಮಾತು ನನ್ನನ್ನು ಬಿಡಲಿಲ್ಲ. ಅವರ ಗಮನಿಕೆ ನಿಖರವಾಗಿತ್ತು, ಕಾರಣ ಮಾತ್ರ ಬೇರೆ ಕಡೆ ಇತ್ತು. ಈ ರೋಗಕ್ಕೆ ಕನ್ನಡದಲ್ಲಿ ಕರುಳು ಬೇನೆ ಎಂಬ ಹೆಸರಿದೆ, ಪುಸ್ತಕಗಳಲ್ಲಿ ಎಂಟರೋಟಾಕ್ಸೀಮಿಯ. ಇದನ್ನು ಅರ್ಥ ಮಾಡಿಕೊಳ್ಳಲು ಕುರಿಯ ಹೊಟ್ಟೆಯನ್ನು ಒಂದು ಯಂತ್ರದಂತೆ ನೋಡಬೇಕು. ಒಳಗೆ ಏನು ಬರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಯಾವ ವೇಗದಲ್ಲಿ ಹೊರಹೋಗುತ್ತದೆ ಎಂದು ಕೇಳಬೇಕು.

ಹೊಟ್ಟೆಯೊಳಗಿನ ಹುದುಗು ಪಾತ್ರೆ

ಹುಲ್ಲಿನ ಬಹುಭಾಗ ಸೆಲ್ಯುಲೋಸ್. ಅದನ್ನು ಒಡೆಯಬಲ್ಲ ಕಿಣ್ವ ಕುರಿಯ ದೇಹದಲ್ಲಿ ತಯಾರಾಗುವುದಿಲ್ಲ. ಹಸು, ಮೊಲ, ಕುದುರೆಗಳಲ್ಲೂ ಇಲ್ಲ. ಹುಲ್ಲು ತಿಂದು ಬದುಕುವ ಈ ಪ್ರಾಣಿಗಳೆಲ್ಲ ಆ ಕೆಲಸವನ್ನು ಸೂಕ್ಷ್ಮಜೀವಿಗಳಿಗೆ ವಹಿಸಿವೆ. ಕುರಿಯಲ್ಲಿ ಈ ಜೀವಿಗಳ ಮನೆ ರೂಮೆನ್ ಎಂಬ ದೊಡ್ಡ ಮೆಲುಕು ಚೀಲ. ಸುಮಾರು 39 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಆಕ್ಸಿಜನ್ ಇಲ್ಲದ ಕತ್ತಲು, 6ರಿಂದ 7ರ ನಡುವಿನ ಪಿಎಚ್. ಪ್ರತಿ ಮಿಲಿಲೀಟರ್ ದ್ರವದಲ್ಲಿ 1000 ಕೋಟಿಗೂ ಮೀರಿದ ಬ್ಯಾಕ್ಟೀರಿಯಗಳು. ದೋಸೆ ಹಿಟ್ಟು ಹುದುಗುವಂತೆ ಅಲ್ಲಿ ಹುಲ್ಲು ಹುದುಗುತ್ತದೆ. ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳು ಹುಟ್ಟುತ್ತವೆ. ಅವನ್ನು ರೂಮೆನ್‌ನ ಗೋಡೆ ಹೀರಿಕೊಳ್ಳುತ್ತದೆ. ಕುರಿಗೆ ಬೇಕಾದ ಶಕ್ತಿಯ ಸುಮಾರು ಶೇಕಡಾ 70 ಭಾಗ ಬರುವುದು ಈ ಆಮ್ಲಗಳಿಂದಲೇ. ಕುರಿ ಹುಲ್ಲು ತಿನ್ನುತ್ತದೆ ಎನ್ನುವುದಕ್ಕಿಂತ, ಕುರಿ ಬ್ಯಾಕ್ಟೀರಿಯಗಳಿಗೆ ಹುಲ್ಲು ತಿನ್ನಿಸಿ ಅವು ಬಿಟ್ಟದ್ದನ್ನೂ ಕೊನೆಗೆ ಅವುಗಳನ್ನೂ ತಿನ್ನುತ್ತದೆ ಎನ್ನುವುದು ಹೆಚ್ಚು ಸರಿ.

ಇಲ್ಲಿಂದಲೇ ಬೆಳವಣಿಗೆಯ ಲೆಕ್ಕವೂ ಶುರುವಾಗುತ್ತದೆ. ಬ್ಯಾಕ್ಟೀರಿಯಗಳು ಬೆಳೆಯಲು ಸಾರಜನಕ ಬೇಕು. ಮೇವಿನಲ್ಲಿ ಶೇಕಡಾ 7ಕ್ಕಿಂತ ಕಡಿಮೆ ಪ್ರೋಟೀನ್ ಇದ್ದರೆ ರೂಮೆನ್‌ನ ಕೆಲಸ ನಿಧಾನವಾಗುತ್ತದೆ. ರಾಗಿ ಹುಲ್ಲಿನಲ್ಲಿರುವುದು ಇದರ ಅರ್ಧದಷ್ಟು. ಬರೀ ರಾಗಿ ಹುಲ್ಲು ತಿಂದ ಕುರಿಯಲ್ಲಿ ಹುಲ್ಲು ಕರಗದೆ ಹೆಚ್ಚು ಹೊತ್ತು ಚೀಲದಲ್ಲೇ ಉಳಿಯುತ್ತದೆ, ಚೀಲ ತುಂಬಿರುವುದರಿಂದ ಕುರಿ ಮತ್ತೆ ತಿನ್ನುವುದಿಲ್ಲ. ಹೊಟ್ಟೆ ದಪ್ಪ, ಬೆನ್ನೆಲುಬು ಎದ್ದು ಕಾಣುವ ಬೇಸಿಗೆಯ ಕುರಿಗಳನ್ನು ನೀವು ನೋಡಿರಬಹುದು. ಅದೇ ಹುಲ್ಲಿನ ಜೊತೆಗೆ ಒಂದಿಷ್ಟು ಶೇಂಗಾ ಹೊಟ್ಟನ್ನು ಕೊಟ್ಟರೆ ಚಿತ್ರ ಬದಲಾಗುತ್ತದೆ. ಶೇಂಗಾ ದ್ವಿದಳ ಜಾತಿಯದಾದ್ದರಿಂದ ಅದರ ಬಳ್ಳಿಯಲ್ಲಿ ಪ್ರೋಟೀನ್ ಹೆಚ್ಚು. ಇಲ್ಲಿ ಶೇಂಗಾ ಬಳ್ಳಿಯ ಬಣವೆಯನ್ನು ಕಾಳಿನಷ್ಟೇ ಜೋಪಾನವಾಗಿ ಕಾಯುವುದು ಸುಮ್ಮನೆ ಅಲ್ಲ.

ಇಮ್ಮಡಿಯಾಗುವುದರ ಲೆಕ್ಕ

ಇನ್ನು ಸಾವಿನ ಪ್ರಶ್ನೆ. ಕರುಳು ಬೇನೆಗೆ ಕಾರಣ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯದ ಡಿ ಎಂಬ ಬಗೆ. ಇದು ಹೊರಗಿನಿಂದ ದಾಳಿ ಮಾಡುವ ವೈರಿಯಲ್ಲ. ಮಣ್ಣಿನಲ್ಲಿಯೂ ಆರೋಗ್ಯವಂತ ಕುರಿಯ ಕರುಳಿನಲ್ಲಿಯೂ ಸಣ್ಣ ಸಂಖ್ಯೆಯಲ್ಲಿ ಇರುವಂಥದ್ದು. ಹಾಗಾದರೆ ಎಲ್ಲ ಕುರಿಗಳೂ ಏಕೆ ಸಾಯುವುದಿಲ್ಲ? ಉತ್ತರ ಎರಡು ವೇಗಗಳ ಪೈಪೋಟಿಯಲ್ಲಿದೆ.

ಕರುಳು ಹರಿಯುವ ಕೊಳವೆ. ಅದರಲ್ಲಿರುವ ಬ್ಯಾಕ್ಟೀರಿಯಗಳನ್ನು ಹರಿವು ಸದಾ ಹೊರಗೆ ತಳ್ಳುತ್ತಿರುತ್ತದೆ. ಪ್ರತಿ 3 ಗಂಟೆಗೊಮ್ಮೆ ಅರ್ಧದಷ್ಟು ಬ್ಯಾಕ್ಟೀರಿಯಗಳು ಕೊಚ್ಚಿಹೋಗುತ್ತವೆ ಎಂದಿಟ್ಟುಕೊಳ್ಳೋಣ. ಒಣಹುಲ್ಲು ತಿನ್ನುವ ಕುರಿಯಲ್ಲಿ ಪಿಷ್ಟವಾಗಲಿ ಸಕ್ಕರೆಯಾಗಲಿ ಸಣ್ಣಕರುಳನ್ನು ತಲುಪುವುದು ಕಡಿಮೆ. ಊಟವಿಲ್ಲದ ಬ್ಯಾಕ್ಟೀರಿಯ ಇಮ್ಮಡಿಯಾಗಲು 6 ಗಂಟೆ ಹಿಡಿಯುತ್ತದೆ ಎನ್ನೋಣ. ಈಗ 1000 ಬ್ಯಾಕ್ಟೀರಿಯಗಳಿದ್ದರೆ 6 ಗಂಟೆಗಳಲ್ಲಿ ಒಮ್ಮೆ ಇಮ್ಮಡಿ, ಎರಡು ಬಾರಿ ಅರ್ಧ, ಉಳಿಯುವುದು 500. ಹರಿವು ಗೆದ್ದಿತು.

ಈಗ ಕುರಿ ಸಕ್ಕರೆ, ಪ್ರೋಟೀನ್ ತುಂಬಿದ ಎಳೆ ಹುಲ್ಲನ್ನೋ ಕಾಳನ್ನೋ ಒಮ್ಮೆಗೇ ಹೊಟ್ಟೆ ತುಂಬ ತಿಂದಿದೆ. ರೂಮೆನ್‌ನ ಜೀವಿಗಳು ಈ ಹೊಸ ಆಹಾರಕ್ಕೆ ಒಗ್ಗಿಕೊಂಡಿಲ್ಲ. ಪೂರ್ತಿ ಹುದುಗದ ಪಿಷ್ಟ ಮುಂದೆ ಜಾರಿ ಸಣ್ಣಕರುಳಿಗೆ ಬರುತ್ತದೆ. ಈ ಕ್ಲಾಸ್ಟ್ರಿಡಿಯಂ ಬಲು ಚುರುಕು ಜೀವಿ. ಪ್ರಯೋಗಶಾಲೆಯ ಅನುಕೂಲ ಸ್ಥಿತಿಯಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಕರುಳಿನಲ್ಲಿ ಅಷ್ಟು ಬೇಡ, 20 ನಿಮಿಷ ಎಂದೇ ಹಿಡಿಯೋಣ. 6 ಗಂಟೆಗಳಲ್ಲಿ 18 ಬಾರಿ ಇಮ್ಮಡಿ, ಎರಡು ಬಾರಿ ಅರ್ಧ. ಎಂದರೆ ನಿವ್ವಳ 16 ಇಮ್ಮಡಿ: ಎರಡರ 16ನೆಯ ಘಾತ 65,536. ಆ 1000 ಬ್ಯಾಕ್ಟೀರಿಯಗಳು ಆರೂವರೆ ಕೋಟಿಯನ್ನು ದಾಟಿದವು. ಸಂಜೆ ಮೇದು ಬಂದ ಮರಿ ಬೆಳಿಗ್ಗೆ ಕಾಲು ಚಾಚುವುದಕ್ಕೆ ಒಂದು ರಾತ್ರಿ ಬೇಕಾದಷ್ಟಾಯಿತು. ಇಲ್ಲಿ ನಾನು ಹಿಡಿದ ಅಂಕಿಗಳು ಪಾಠದ ಅನುಕೂಲಕ್ಕೆ, ಕುರಿಯಿಂದ ಅಳೆದವಲ್ಲ. ಆದರೆ ನಡೆಯುವ ಕ್ರಮ ಇದೇ. ಸಂಖ್ಯೆಗಳನ್ನು ಬದಲಿಸಿ ಲೆಕ್ಕ ಮಾಡಲು ವಿದ್ಯಾರ್ಥಿಗಳಿಗೆ ಹೇಳಿ. ಇಮ್ಮಡಿಯ ಅವಧಿ ಹರಿವಿನ ಅವಧಿಗಿಂತ ತುಸು ಕಡಿಮೆಯಾದೊಡನೆ ಫಲಿತಾಂಶ ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು ಅವರೇ ಕಾಣುತ್ತಾರೆ.

ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕುರಿ ಸಾಯುವುದಿಲ್ಲ. ಈ ಬ್ಯಾಕ್ಟೀರಿಯ ಎಪ್ಸಿಲಾನ್ ಎಂಬ ವಿಷದ ನಿಷ್ಕ್ರಿಯ ರೂಪವನ್ನು ಬಿಡುಗಡೆ ಮಾಡುತ್ತದೆ. ಪ್ರೋಟೀನನ್ನು ಜೀರ್ಣಿಸಲೆಂದು ಕುರಿಯೇ ತಯಾರಿಸುವ ಟ್ರಿಪ್ಸಿನ್ ಎಂಬ ಕಿಣ್ವ ಅದರ ಒಂದು ತುಣುಕನ್ನು ಕತ್ತರಿಸಿ ಸಕ್ರಿಯಗೊಳಿಸಿಬಿಡುತ್ತದೆ! ಬೀಗದ ಕೈ ಮನೆಯವರದೇ. ಸಕ್ರಿಯವಾದ ವಿಷ ಮೊದಲು ಕರುಳಿನ ಗೋಡೆಯನ್ನು ಸೋರುವಂತೆ ಮಾಡುತ್ತದೆ, ಆ ದಾರಿಯಲ್ಲೇ ರಕ್ತಕ್ಕೆ ಇಳಿಯುತ್ತದೆ, ಜೀವಕೋಶಗಳ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಮಿದುಳಿನ ರಕ್ತನಾಳಗಳು, ಮೂತ್ರಪಿಂಡಗಳು ಹಾಳಾಗುತ್ತವೆ. ಮರಿ ಕತ್ತನ್ನು ಹಿಂದಕ್ಕೆ ಸೆಟೆದು, ಕಾಲು ಒದರಿ ಪ್ರಾಣ ಬಿಡುತ್ತದೆ. ಸತ್ತ ಕೆಲವು ಗಂಟೆಗಳಲ್ಲಿ ಅದರ ಮೂತ್ರಪಿಂಡ ಹಿಟ್ಟಿನಂತೆ ಮೆತ್ತಗಾಗಿರುವುದರಿಂದ ಇಂಗ್ಲಿಷಿನಲ್ಲಿ ಈ ರೋಗಕ್ಕೆ 'ಪಲ್ಪಿ ಕಿಡ್ನಿ' ಎಂಬ ಹೆಸರೂ ಬಂದಿದೆ.

ಮೈ ತುಂಬಿದ ಮರಿಯ ಒಗಟು ಈಗ ಬಿಡಿಸಿದಂತಾಯಿತು. ಮಂದೆಯಲ್ಲಿ ಬಲವಾಗಿರುವ ಮರಿ ಉಳಿದವನ್ನು ನೂಕಿ ಹೆಚ್ಚು ತಿನ್ನುತ್ತದೆ; ಹಾಲು ಹೆಚ್ಚಿರುವ ತಾಯಿಯ ಒಂಟಿ ಮರಿ ಹೆಚ್ಚು ಕುಡಿಯುತ್ತದೆ. ಕರುಳಿಗೆ ಮಿತಿಮೀರಿ ಪೋಷಕಾಂಶ ತಲುಪುವುದು ಅವುಗಳಲ್ಲೇ. ಬಡಕಲು ಮರಿಯನ್ನು ಕಾಯುವುದು ಅದರ ಬಡತನ.

ಮೆಕ್ಕೆಜೋಳದ ಹೊಲದಲ್ಲಿ

ಹೊಳಲ್ಕೆರೆ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ ಹೆಚ್ಚಿದಂತೆ ಇನ್ನೊಂದು ಬಗೆಯ ಸಾವು ಕುರಿಗಾರರಿಗೆ ಪರಿಚಯವಾಯಿತು. ತೆನೆ ಮುರಿದ ಹೊಲಕ್ಕೆ ಮಂದೆ ಬಿಡುವುದು ವಾಡಿಕೆ. ಹೊಲದವನಿಗೆ ಗೊಬ್ಬರ, ಕುರಿಗೆ ಮೇವು. ಆದರೆ ನೆಲದಲ್ಲಿ ಬಿದ್ದ ತೆನೆಗಳು ಸಾಕಷ್ಟಿರುತ್ತವೆ. ಮೆಕ್ಕೆಜೋಳದ ಕಾಳಿನ ಸುಮಾರು ಶೇಕಡಾ 70 ಭಾಗ ಪಿಷ್ಟ. ಕುರಿ ದಂಟು ಬಿಟ್ಟು ಕಾಳನ್ನೇ ಆರಿಸಿ ತಿನ್ನುತ್ತದೆ.

ಈ ಬಾರಿ ಅನಾಹುತ ರೂಮೆನ್‌ನಲ್ಲೇ. ಪಿಷ್ಟ ಸಿಕ್ಕೊಡನೆ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯ ಉಳಿದವನ್ನು ಹಿಂದೆ ಹಾಕಿ ಬೆಳೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಯುತ್ತದೆ. ರೂಮೆನ್‌ನ ಮಾಮೂಲಿ ಆಮ್ಲಗಳಿಗಿಂತ ಇದು ಎಂಟು ಹತ್ತು ಪಟ್ಟು ಪ್ರಬಲ. ಪಿಎಚ್ 6.5ರಿಂದ 5ಕ್ಕೆ ಇಳಿಯಿತು ಎಂದರೆ ಕೇಳಲು ಒಂದೂವರೆ ಅಂಕದ ವ್ಯತ್ಯಾಸ ಅಷ್ಟೆ. ಆದರೆ ಪಿಎಚ್ ಲಾಗರಿತಮ್ ಮಾಪಕ. ಹೈಡ್ರೊಜನ್ ಅಯಾನುಗಳು ಸುಮಾರು 32 ಪಟ್ಟು ಹೆಚ್ಚಿದವು ಎಂದು ಅರ್ಥ. ಸೆಲ್ಯುಲೋಸ್ ಒಡೆಯುವ ಜೀವಿಗಳು ಇದನ್ನು ತಾಳಲಾರವು. ಆಮ್ಲ ತುಂಬಿದ ದ್ರವದ ಸಾರತೆ ರಕ್ತದ ಸಾರತೆಯನ್ನು ಮೀರುತ್ತದೆ, ಅಭಿಸರಣೆಯ ನಿಯಮದಂತೆ ನೀರು ರಕ್ತದಿಂದ ರೂಮೆನ್‌ಗೆ ಹರಿಯುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕಾಡುತ್ತಿದ್ದರೂ ಕುರಿ ಒಳಗೇ ಒಣಗಿ ಸಾಯುವುದು ಹೀಗೆ.

ಮೆಲುಕು ಹಾಕುವುದರ ಬೆಲೆ ಇಲ್ಲಿ ತಿಳಿಯುತ್ತದೆ. ಒರಟು ಮೇವು ತಿಂದ ಕುರಿ ದಿನದಲ್ಲಿ ಹಲವು ಗಂಟೆ ಮೆಲುಕು ಹಾಕುತ್ತದೆ, ಹಾಗೆ ಮಾಡುವಾಗ ದಿನಕ್ಕೆ ಹಲವು ಲೀಟರ್ ಜೊಲ್ಲು ಸುರಿಸುತ್ತದೆ. ಜೊಲ್ಲಿನಲ್ಲಿರುವುದು ಸೋಡಿಯಂ ಬೈಕಾರ್ಬೊನೇಟ್, ನಮ್ಮ ಅಡುಗೆ ಸೋಡ. ಕಾಳಿಗೆ ಮೆಲುಕು ಬೇಡ; ಮೆಲುಕಿಲ್ಲದಿದ್ದರೆ ಸೋಡವೂ ಇಲ್ಲ. ಆಮ್ಲ ಹೆಚ್ಚು ಹುಟ್ಟುವ ದಿನವೇ ಆಮ್ಲವನ್ನು ತಣಿಸುವ ದ್ರವ್ಯ ಕಡಿಮೆಯಾಗುತ್ತದೆ. ಕೆರೆ ಅಂಗಳಗಳನ್ನು ತುಂಬಿರುವ ಬಳ್ಳಾರಿ ಜಾಲಿಯ ಸಿಹಿ ಕಾಯಿಯ ವಿಷಯದಲ್ಲೂ ಎಚ್ಚರ ಬೇಕು. ಬೇಸಿಗೆಯಲ್ಲಿ ಅದು ಆಸರೆ ಹೌದು, ಅದೊಂದೇ ಮೇವಾದರೆ ಹೊಟ್ಟೆ ಕಟ್ಟುತ್ತದೆ.

ಮೊಲದ ದಾರಿಯೇ ಬೇರೆ

ಕುರಿಗೆ ಬೇಕಾದಷ್ಟು ಜಾಗವಿಲ್ಲದವರು ಕೆಲವರು ಮೊಲ ಸಾಕಲು ಹೊರಟು ಕೈಸುಟ್ಟುಕೊಳ್ಳುವುದುಂಟು. ಮೊಲವೂ ಹುಲ್ಲು ತಿನ್ನುತ್ತದಲ್ಲ, ಸಣ್ಣ ಕುರಿಯೆಂದೇ ತಿಳಿದರಾಯಿತು ಎಂಬ ಭಾವನೆಯೇ ತಪ್ಪಿನ ಮೂಲ. ಮೊಲದ ಹುದುಗು ಪಾತ್ರೆ ಜಠರಕ್ಕೆ ಮುಂಚೆ ಇಲ್ಲ. ಸಣ್ಣಕರುಳು ಮುಗಿದ ಮೇಲೆ ಬರುವ ಕುರುಡುಗರುಳೇ ಅದು. ನಮ್ಮಲ್ಲಿ ಕಿರುಬೆರಳಿನಂಥ ಬಾಲ ಇಳಿಬಿದ್ದಿರುವುದು ಇದೇ ಭಾಗಕ್ಕೆ. ಮೊಲದಲ್ಲಿ ಇಡೀ ಜೀರ್ಣಾಂಗದ ಶೇಕಡಾ 40ರಷ್ಟು ಜಾಗ ಇದರದ್ದು.

ಹಿಂದೆ ಏಕೆ? ಪ್ರಾಣಿಯ ಶಕ್ತಿವ್ಯಯ ಅದರ ತೂಕದ ಮುಕ್ಕಾಲು ಘಾತದಂತೆ ಏರುತ್ತದೆ ಎಂಬುದನ್ನು ಮ್ಯಾಕ್ಸ್ ಕ್ಲೈಬರ್ 1930ರ ದಶಕದಲ್ಲಿ ತೋರಿಸಿದರು. ಹೊಟ್ಟೆಯ ಗಾತ್ರವಾದರೋ ತೂಕದ ನೇರ ಅನುಪಾತದಲ್ಲಿರುತ್ತದೆ. 32 ಕಿಲೋಗ್ರಾಂ ಕುರಿ, 2 ಕಿಲೋಗ್ರಾಂ ಮೊಲ ಹೋಲಿಸಿ. ತೂಕದ ಅನುಪಾತ 16. ಅದರ ನಾಲ್ಕನೆಯ ಮೂಲ 2. ಮೊಲದ ಪ್ರತಿ ಕಿಲೋಗ್ರಾಂ ದೇಹಕ್ಕೆ ಕುರಿಯ ಎರಡರಷ್ಟು ಶಕ್ತಿ ಬೇಕು, ಆದರೆ ಪಾತ್ರೆ ದೇಹದ ಅಳತೆಗೆ ತಕ್ಕಷ್ಟೇ. ಒರಟು ನಾರು ಕರಗುವವರೆಗೆ ಕಾಯುವ ವ್ಯವಧಾನ ಅದಕ್ಕಿಲ್ಲ. ಆದ್ದರಿಂದ ಸುಲಭವಾಗಿ ಸಿಗುವುದನ್ನು ಮೊದಲು ಸಣ್ಣಕರುಳಿನಲ್ಲಿ ಹೀರಿಕೊಂಡು, ಉಳಿದದ್ದನ್ನು ಜರಡಿ ಹಿಡಿಯುತ್ತದೆ.

ಜರಡಿ ಎಂದದ್ದು ಅಲಂಕಾರಕ್ಕಲ್ಲ. ದೊಡ್ಡಕರುಳಿನ ಆರಂಭದ ಭಾಗದಲ್ಲಿ ಸ್ನಾಯುಗಳು ಹಿಮ್ಮುಖವಾಗಿ ಅಲೆಯೆಬ್ಬಿಸಿ ದ್ರವವನ್ನೂ ಸುಮಾರು 0.3 ಮಿಲಿಮೀಟರಿಗಿಂತ ಸಣ್ಣ ಕಣಗಳನ್ನೂ ಕುರುಡುಗರುಳಿಗೆ ಮರಳಿಸುತ್ತವೆ. ದೊಡ್ಡ ಕಣಗಳು ಮುಂದೆ ಸಾಗಿ, ನೀರು ಕಳೆದುಕೊಂಡು ಗಟ್ಟಿ ಹಿಕ್ಕೆಗಳಾಗಿ ಹೊರಬೀಳುತ್ತವೆ. ಕುರುಡುಗರುಳಿನಲ್ಲಿ ಹುದುಗಿದ ಪದಾರ್ಥ ದಿನಕ್ಕೊಮ್ಮೆ, ಹೆಚ್ಚಾಗಿ ಬೆಳಗಿನ ಹೊತ್ತು, ಲೋಳೆ ಹೊದ್ದ ಮೆತ್ತನೆಯ ಗೊಂಚಲಾಗಿ ಬರುತ್ತದೆ. ಮೊಲ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಹೊಲಸೆಂದು ಮುಖ ತಿರುಗಿಸಬೇಡಿ. ಬ್ಯಾಕ್ಟೀರಿಯಗಳು ಕಟ್ಟಿದ ಪ್ರೋಟೀನ್, ಬಿ ಗುಂಪಿನ ವಿಟಮಿನ್‌ಗಳು ಮೊಲಕ್ಕೆ ದಕ್ಕುವುದು ಹೀಗೆ ಮಾತ್ರ. ಕುರಿಗೆ ಮೆಲುಕು, ಮೊಲಕ್ಕೆ ಇದು.

ಈ ಜರಡಿ ಓಡುತ್ತಿರಬೇಕಾದರೆ ದೊಡ್ಡ ನಾರಿನ ಕಣಗಳು ಬೇಕು. ಬೇಗ ತೂಕ ಬರಲಿ ಎಂದು ಮೆಕ್ಕೆಜೋಳದ ನುಚ್ಚು, ಹಿಂಡಿ ಹೆಚ್ಚಿಸಿ ಹುಲ್ಲು ಕಡಿಮೆ ಮಾಡಿದರೆ ಕರುಳಿನ ಚಲನೆ ಕುಗ್ಗುತ್ತದೆ, ಕುರುಡುಗರುಳಿನ ಪದಾರ್ಥ ಅಲ್ಲೇ ನಿಲ್ಲುತ್ತದೆ. ಮರಿಗಳಲ್ಲಿ ಪಿಷ್ಟ ಜೀರ್ಣಿಸುವ ಕಿಣ್ವವೂ ಇನ್ನೂ ಪೂರ್ಣ ಪ್ರಮಾಣಕ್ಕೆ ಬಂದಿರುವುದಿಲ್ಲ. ಹರಿವು ನಿಂತಿತು, ಪಿಷ್ಟ ಬಂದಿತು. ಮೇಲಿನ ಇಮ್ಮಡಿಯ ಲೆಕ್ಕವನ್ನು ಮತ್ತೆ ನೆನೆಯಿರಿ. ಇಲ್ಲಿಯೂ ಮೇಲುಗೈ ಪಡೆಯುವವು ಕ್ಲಾಸ್ಟ್ರಿಡಿಯಂ ಕುಲದವು, ಜೊತೆಗೆ ಇ. ಕೋಲೈ. ತಾಯಿಯಿಂದ ಬಿಡಿಸಿದ ನಂತರ, ಸುಮಾರು 4ರಿಂದ 8 ವಾರಗಳ ವಯಸ್ಸಿನಲ್ಲಿ ಮರಿಗಳು ಭೇದಿಯಾಗಿ ಸಾಲುಸಾಲಾಗಿ ಸಾಯುವುದು ಇದರಿಂದಲೇ. ಭೇದಿ ಕಂಡೊಡನೆ ಅಂಗಡಿಯಿಂದ ಪೆನಿಸಿಲಿನ್ ಬಗೆಯ ಔಷಧ ತಂದು ಬಾಯಿಗೆ ಹಾಕುವವರಿದ್ದಾರೆ. ಮೊಲದ ಮಟ್ಟಿಗೆ ಅದು ಉರಿಗೆ ಎಣ್ಣೆ ಸುರಿದಂತೆ. ಔಷಧ ಒಳ್ಳೆಯ ಜೀವಿಗಳನ್ನು ಕೊಂದು ಕ್ಲಾಸ್ಟ್ರಿಡಿಯಂಗೆ ಜಾಗ ಖಾಲಿ ಮಾಡಿಕೊಡುತ್ತದೆ.

ಭೌತವಿಜ್ಞಾನದವನಿಗೆ ಹಿಡಿಸಿದ ಒಂದು ಸಂಗತಿ ಹೇಳಲೇಬೇಕು. ನಾರನ್ನು ನುಣ್ಣಗೆ ಬೀಸಿ ಕೊಟ್ಟರೆ ರಾಸಾಯನಿಕ ವಿಶ್ಲೇಷಣೆಯಲ್ಲಿ ನಾರಿನ ಪ್ರಮಾಣ ಒಂದಿಷ್ಟೂ ಬದಲಾಗುವುದಿಲ್ಲ. ಆದರೆ ಆ ಪುಡಿ ಜರಡಿಯಲ್ಲಿ ಹಿಂದಕ್ಕೆ ಹೋಗಿ ಕುರುಡುಗರುಳನ್ನು ತುಂಬುತ್ತದೆ. ವಸ್ತು ಅದೇ, ಕಣದ ಗಾತ್ರ ಬೇರೆ, ಪರಿಣಾಮ ಬೇರೆ. ಫ್ರಾನ್ಸಿನ ಸಾಕಣೆಗಳಲ್ಲಿ 1996–97ರಿಂದ ಕರುಳಿನ ರೋಗವೊಂದು ಹರಡಿದ ಮೇಲೆ ಅಲ್ಲಿನವರು ನಾರಿನ ಮೇಲೆ ಬಹಳ ಕೆಲಸ ಮಾಡಿದರು. ತಾಯಿಯಿಂದ ಬಿಡಿಸಿದ ಮರಿಗಳಿಗೆ ಮೊದಲ ವಾರಗಳಲ್ಲಿ ಹೊಟ್ಟೆ ತುಂಬ ಕೊಡದೆ ತುಸು ಕಡಿಮೆ ಕೊಟ್ಟರೆ ಸಾವು ಇಳಿಯುತ್ತದೆಂಬುದೂ ಅಲ್ಲಿ ಕಂಡುಬಂದಿತು.

ಬಯಲುಸೀಮೆಯಲ್ಲಿ ಮೊಲಕ್ಕೆ ಇನ್ನೆರಡು ತೊಡಕುಗಳಿವೆ. ಯೂರೋಪಿನಲ್ಲಿ ದಿನಕ್ಕೆ 30ರಿಂದ 40 ಗ್ರಾಂ ಬೆಳೆಯುವ ಮರಿಗಳು ಉಷ್ಣವಲಯದಲ್ಲಿ 10ರಿಂದ 20 ಗ್ರಾಂ ಬೆಳೆದರೆ ಹೆಚ್ಚು. ಮೊಲ ಬೆವರುವುದಿಲ್ಲ, ಸೆಕೆ ಏರಿದಂತೆ ಮೇವು ಬಿಡುತ್ತದೆ, 35 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಮೊಲಗಳ ಕೆಲಸ ದಕ್ಷಿಣದಲ್ಲಿ ನಡೆಯುವುದು ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲಿ, ಸುಮಾರು 2000 ಮೀಟರ್ ಎತ್ತರದ ತಂಪಿನಲ್ಲಿ. ಎರಡನೆಯದು ಶೇಂಗಾ ಹಿಂಡಿ. ತೇವದಲ್ಲಿ ಇಟ್ಟ ಹಿಂಡಿಗೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಸೇರುತ್ತದೆ. ಕುರಿ ಇದನ್ನು ಸ್ವಲ್ಪಮಟ್ಟಿಗೆ ತಾಳಿಕೊಳ್ಳುತ್ತದೆ. ಇದಕ್ಕೆ ಅತಿ ಬೇಗ ಬಲಿಯಾಗುವ ಪ್ರಾಣಿಗಳಲ್ಲಿ ಮೊಲ ಒಂದು.

ಲಸಿಕೆ ಮತ್ತು ಹುಲ್ಲು

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ, ಆಂಧ್ರಪ್ರದೇಶಗಳ ನಂತರ ನಮ್ಮದು. ಚಿತ್ರದುರ್ಗ ಜಿಲ್ಲೆ ಅದರಲ್ಲಿ ದೊಡ್ಡ ಪಾಲಿನದು. ಕರುಳು ಬೇನೆಗೆ ಒಳ್ಳೆಯ ಲಸಿಕೆಯಿದೆ. ಮುಂಗಾರಿಗೆ ಮುಂಚೆಯೇ ಹಾಕಿಸಬೇಕು, ಮೊದಲ ಸಲ ಹಾಕಿಸುವ ಮರಿಗೆ ಕೆಲವು ವಾರಗಳ ಅಂತರದಲ್ಲಿ ಎರಡನೆಯ ಬಾರಿಯೂ ಬೇಕು, ಆಮೇಲೆ ವರ್ಷ ವರ್ಷ. ಹಸಿರು ಕಂಡ ಮೇಲೆ ಹಾಕಿಸಿದರೆ ದೇಹ ಪ್ರತಿವಿಷ ತಯಾರಿಸುವಷ್ಟರಲ್ಲಿ ಮೊದಲ ಮರಿಗಳು ಹೋಗಿರುತ್ತವೆ. ಮಳೆ ಯಾವ ವರ್ಷ ಹೇಗೆ ಬರುವುದೋ ಹೇಳುವಂತಿಲ್ಲ. 1933ರಲ್ಲಿ ಕೋಡಿ ಹರಿದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ ಮತ್ತೆ ಕೋಡಿ ಕಂಡದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರಿನಲ್ಲಿ. ಅಂಥ ವರ್ಷ ಹುಲ್ಲಿಗೆ ಬರವಿಲ್ಲ, ಕರುಳು ಬೇನೆಗೂ ಇಲ್ಲ.

ಆ ಹಿರಿಯರು ಬಸ್ಸು ಹೊರಡುವ ಮುಂಚೆ ತಮ್ಮ ತಂದೆಯ ಕಾಲದ ರೂಢಿಯೊಂದನ್ನು ಹೇಳಿದ್ದರು. ಎಳೆ ಹುಲ್ಲು ಬಂದ ಮೊದಲ ದಿನಗಳಲ್ಲಿ ಮಂದೆಯನ್ನು ಖಾಲಿ ಹೊಟ್ಟೆಯಲ್ಲಿ ಬಿಡುತ್ತಿರಲಿಲ್ಲವಂತೆ. ಬೆಳಿಗ್ಗೆ ಒಣ ಮೇವು ಹಾಕಿ, ಬಿಸಿಲೇರಿದ ಮೇಲೆ ಒಂದೆರಡು ತಾಸು ಹಸಿರಿಗೆ ಬಿಟ್ಟು, ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತಿದ್ದರಂತೆ. "ಈಗ ಒಣ ಮೇವು ಎಲ್ಲಿ ಸಾ, ಇದ್ದುದೆಲ್ಲ ಬೇಸಿಗೇಲೇ ಮುಗೀತದೆ" ಎಂದೂ ಸೇರಿಸಿದರು. ರೂಮೆನ್‌ನ ಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು ಎಂದು ಪುಸ್ತಕಗಳು ಹೇಳುವುದಕ್ಕೂ ಆ ರೂಢಿಗೂ ಹೆಚ್ಚಿನ ದೂರವಿಲ್ಲ.

ಕಳೆದ ವರ್ಷ ವಿದ್ಯಾರ್ಥಿಯೊಬ್ಬ ಕೇಳಿದ: "ನಮ್ಮ ಮನೆಯಲ್ಲಿ ಲಸಿಕೆ ಹಾಕಿಸಿದ್ದೆವು ಸಾರ್, ಆದರೂ ಮೆಕ್ಕೆಜೋಳದ ಹೊಲಕ್ಕೆ ಬಿಟ್ಟ ಮಾರನೆಯ ದಿನ ಮೂರು ಕುರಿ ಸತ್ತವು. ಲಸಿಕೆ ಸರಿಯಿರಲಿಲ್ಲವೇ?" ಲಸಿಕೆ ಸರಿಯಾಗಿಯೇ ಇದ್ದಿರಬಹುದು. ಅದು ತಡೆಯುವುದು ಎಪ್ಸಿಲಾನ್ ವಿಷವನ್ನು. ಲ್ಯಾಕ್ಟಿಕ್ ಆಮ್ಲವನ್ನು ತಡೆಯುವ ಲಸಿಕೆ ಇಲ್ಲ. ಸತ್ತ ಕುರಿಯ ರೂಮೆನ್‌ನ ದ್ರವಕ್ಕೆ ಪಿಎಚ್ ಕಾಗದ ಅದ್ದಿದಾಗ 5ರ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ತೋರಿದರೆ, ಒಳಗೆ ಕಾಳು ತುಂಬಿದ್ದರೆ, ಸಂಶಯ ಆಮ್ಲದ ಮೇಲೆ. ಪಿಎಚ್ ಸರಿಯಿದ್ದು ಮೂತ್ರದಲ್ಲಿ ಸಕ್ಕರೆ ಕಂಡರೆ, ಮೂತ್ರಪಿಂಡ ಮೆತ್ತಗಾಗಿದ್ದರೆ, ಕರುಳು ಬೇನೆಯ ಮೇಲೆ. ಎರಡೂ ಪರೀಕ್ಷೆಗಳಿಗೆ ಬೇಕಾದ ಕಾಗದದ ಪಟ್ಟಿಗಳು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ, ಔಷಧದಂಗಡಿಯಲ್ಲಿ ಸಿಗುತ್ತವೆ. ಆದರೆ ಕುರಿ ಸತ್ತು ಬಹಳ ಹೊತ್ತಾಗಿರಬಾರದು, ಕೊಯ್ಯುವ ಕೆಲಸ ಪಶುವೈದ್ಯರದ್ದೇ ಆಗಬೇಕು. ಹಠಾತ್ತಾಗಿ ಸತ್ತು ಮೂಗು ಬಾಯಿಗಳಿಂದ ಕಪ್ಪು ರಕ್ತ ಒಸರುವ ಕುರಿಯನ್ನಂತೂ ಯಾರೂ ಮುಟ್ಟಬಾರದು, ಅದು ಆಂತ್ರಾಕ್ಸ್ ಆಗಿರಬಹುದು.